ಅಂಗಡಿ ಒಂದು, ಒಲೆ ಇಪ್ಪತ್ತೇಳು

ಎರಡು ಸಂಚಿಕೆ ಹಿಂದೆ ಉಕ್ರೇನ್ ಬಗ್ಗೆ ಬಂದ ಪ್ರಶ್ನೆಗೆ ನಾಲ್ಕೇ ಸಾಲಿನ ಉತ್ತರ ಬರೆದಿದ್ದೆ. "ಐರೋಪ್ಯ ಒಕ್ಕೂಟಕ್ಕೆ ದುಡ್ಡಿದೆ, ಒಗ್ಗಟ್ಟಿಲ್ಲ" ಅಂತ ಅದರಲ್ಲಿ ಒಂದು ಮಾತಿತ್ತು. ಆ ಮಾತು ಹಿಡಿದುಕೊಂಡು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವರು ಇನ್ನಷ್ಟು ಹೇಳಿ ಅಂದಿದ್ದಾರೆ, ಕೆಲವರು ಇದು ಅವಸರದ ತೀರ್ಪು ಅಂತ ಬೈದಿದ್ದಾರೆ. ಬೈದವರ ಮಾತಿನಲ್ಲಿ ಹುರುಳಿದೆ. ನಾನು ಹೇಳಿದ್ದು ಅರ್ಧ ನಿಜ, ಉಳಿದರ್ಧ ಹೇಳಬೇಕಿತ್ತು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ ಇಟ್ಟಿದ್ದೇನೆ.

ಮೇಡಂ, ಐರೋಪ್ಯ ಒಕ್ಕೂಟ ಅಂದ್ರೆ ಒಂದು ದೇಶನಾ, ಇಲ್ಲ ವಿಶ್ವಸಂಸ್ಥೆ ಥರ ಒಂದು ಸಂಘನಾ? ನಮ್ಮ ಲೆಕ್ಚರರ್ ಎರಡೂ ಅಲ್ಲ ಅಂದರು. ನನಗೆ ಇನ್ನೂ ಗೊಂದಲ ಆಯ್ತು.
– ದ್ವಿತೀಯ ಪಿಯು ವಿದ್ಯಾರ್ಥಿನಿ, ಹರಿಹರ

ನಿನ್ನ ಲೆಕ್ಚರರ್ ಹೇಳಿದ್ದು ಸರಿ ಇದೆ ಮಗಳೇ. ಅಣ್ಣತಮ್ಮಂದಿರು ಭಾಗವಾದ ಮನೆ ನೀನೂ ನೋಡಿರುತ್ತೀಯ ಅಲ್ವಾ? ಒಲೆ ಬೇರೆ ಬೇರೆ ಆಗಿರುತ್ತದೆ. ಆದರೆ ಪೇಟೆಯಲ್ಲಿ ಅಪ್ಪ ಇಟ್ಟ ಅಂಗಡಿ ಒಂದೇ ಇರುತ್ತದೆ, ಗಲ್ಲಾಪೆಟ್ಟಿಗೆ ಒಂದೇ ಇರುತ್ತದೆ. ಐರೋಪ್ಯ ಒಕ್ಕೂಟ ಹಾಗೆ. 27 ದೇಶಗಳು ಸೇರಿ ಒಂದೇ ಅಂಗಡಿ. ಹೊರಗಿನ ಸರಕಿಗೆ ಎಷ್ಟು ಸುಂಕ ಅಂತ 27 ಕಡೆ ಕೇಳಬೇಕಾಗಿಲ್ಲ, ಬ್ರಸೆಲ್ಸ್‌ನಲ್ಲಿರುವ ಐರೋಪ್ಯ ಆಯೋಗದ ಜೊತೆ ಮಾತಾಡಿದರೆ ಮುಗಿಯಿತು. ಸೈನ್ಯ ಎಷ್ಟಿರಬೇಕು, ಯಾರ ಜೊತೆ ಸ್ನೇಹ, ಯಾರ ಜೊತೆ ಜಗಳ, ಇದೆಲ್ಲ ಮಾತ್ರ ಆಯಾ ಮನೆಯ ಒಲೆ ಮುಂದೆ ತೀರ್ಮಾನವಾಗುತ್ತದೆ.

ಶುರುವಾಗಿದ್ದು 1951ರಲ್ಲಿ. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್, ಈ ಆರು ದೇಶಗಳು ತಮ್ಮ ಕಲ್ಲಿದ್ದಲು ಮತ್ತು ಉಕ್ಕನ್ನು ಒಂದೇ ಸಂಸ್ಥೆಯ ಕೈಗೆ ಕೊಟ್ಟವು. ಯಾಕೆ ಈ ಎರಡೇ ಗೊತ್ತಾ? ಆಗ ಫಿರಂಗಿ ಮಾಡುವುದಕ್ಕೆ ಬೇಕಾಗಿದ್ದು ಇವೇ. ಎರಡರ ಬೀಗದ ಕೈ ಹಂಚಿಕೊಂಡರೆ ಒಬ್ಬರಿಗೆ ಗೊತ್ತಿಲ್ಲದೆ ಇನ್ನೊಬ್ಬರು ಯುದ್ಧಕ್ಕೆ ತಯಾರಾಗಲು ಆಗುವುದಿಲ್ಲ. 1870ರಿಂದ 1945ರ ಒಳಗೆ ಮೂರು ಸಲ ಹೊಡೆದಾಡಿದ ಫ್ರಾನ್ಸ್ ಮತ್ತು ಜರ್ಮನಿ ಆಮೇಲೆ ಒಂದು ಸಲವೂ ಹೊಡೆದಾಡಿಲ್ಲ. ನನ್ನ ಮಟ್ಟಿಗೆ ಇದು ಕಳೆದ ಶತಮಾನದ ದೊಡ್ಡ ಸಾಧನೆಗಳಲ್ಲಿ ಒಂದು. 2012ರಲ್ಲಿ ಇದಕ್ಕೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು.

ಒಟ್ಟಿಗೆ ವಿದೇಶಾಂಗ ನೀತಿ ಮಾಡೋಣ ಅನ್ನುವ ಮಾತು ಒಪ್ಪಂದದ ರೂಪದಲ್ಲಿ ಜಾರಿಗೆ ಬಂದಿದ್ದು ಮಾತ್ರ 1993ರಲ್ಲಿ. ಆ ಹೊತ್ತಿಗೆ ಹಿತ್ತಲಲ್ಲೇ ಯುಗೊಸ್ಲಾವಿಯ ಅಂತರ್ಯುದ್ಧದಲ್ಲಿ ಹೊತ್ತಿ ಉರಿಯುತ್ತಿತ್ತು. ಇದು ಯುರೋಪಿನ ಗಳಿಗೆ ಅಂತ 1991ರಲ್ಲೇ ಲಕ್ಸೆಂಬರ್ಗ್‌ನ ವಿದೇಶಾಂಗ ಸಚಿವ ಜಾಕ್ ಪೂಸ್ ಹೇಳಿದ್ದರು. ಆದರೆ 1995ರ ಜುಲೈನಲ್ಲಿ ವಿಶ್ವಸಂಸ್ಥೆ ಸುರಕ್ಷಿತ ಅಂತ ಘೋಷಿಸಿದ್ದ ಅಲ್ಲಿಯ ಬೋಸ್ನಿಯಾದ ಸ್ರೆಬ್ರೆನಿತ್ಸಾ ಊರಲ್ಲೇ ಸರ್ಬ್ ಪಡೆಗಳು ಸುಮಾರು 8,000 ಮುಸ್ಲಿಂ ಗಂಡಸರು ಮತ್ತು ಹುಡುಗರನ್ನು ಕೊಂದರು. ಕೊನೆಗೆ ಶಾಂತಿ ಮಾತುಕತೆ ನಡೆದಿದ್ದು ಅಮೆರಿಕದ ಡೇಟನ್ ಊರಿನ ಒಂದು ವಾಯುನೆಲೆಯಲ್ಲಿ. ಆ ನೋವು, ಆ ನಾಚಿಕೆ ಯುರೋಪಿಗೆ ಇವತ್ತಿಗೂ ಇದೆ. ವಿದೇಶಾಂಗ ವ್ಯವಹಾರಕ್ಕೆ ಅಂತಲೇ ಒಬ್ಬ ಉನ್ನತ ಪ್ರತಿನಿಧಿ ಬೇಕು ಅಂತ ಆಮೇಲೆ ಅವರಿಗೆ ಅನ್ನಿಸಿತು. 1999ರಲ್ಲಿ ಹಾವಿಯರ್ ಸೊಲಾನಾ ಆ ಕುರ್ಚಿಯಲ್ಲಿ ಕೂತರು. 2024ರ ಡಿಸೆಂಬರ್‌ನಲ್ಲಿ ಎಸ್ಟೋನಿಯಾದ ಮಾಜಿ ಪ್ರಧಾನಿ ಕಾಯಾ ಕಲ್ಲಾಸ್ ಬಂದರು. ಎಸ್ಟೋನಿಯಾ ಎಷ್ಟು ದೊಡ್ಡದು ಅಂದರೆ, ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ.

ಅಕ್ಕಾ, ಒಬ್ಬ ಬೇಡ ಅಂದರೆ 26 ಜನ ಕೈ ಕಟ್ಟಿಕೊಂಡು ಕೂರಬೇಕು ಅಂತ ಬರೆದಿದ್ದಿರಿ. ಇದು ಎಂಥ ನ್ಯಾಯ? ನಮ್ಮ ಕಾಡಾ (ಅಚ್ಚುಕಟ್ಟು ಪ್ರಾಧಿಕಾರ) ಸಭೆಯಲ್ಲೂ ಹೀಗೆ ಆದರೆ ನಾಲೆಗೆ ನೀರೇ ಬಿಡೋದಿಲ್ಲ.
– ಭದ್ರಾ ಅಚ್ಚುಕಟ್ಟಿನ ಕೊನೆ ಭಾಗದ ರೈತ, ಮಲೇಬೆನ್ನೂರು ಹತ್ತಿರ

ಅಣ್ಣಾ, ನಿಮ್ಮ ಪತ್ರ ಓದಿದ ಮೇಲೆ ಈ ವಿಷಯ ಹೇಳಲು ನನಗೆ ದಾರಿ ಸಿಕ್ಕಿತು.

ಭದ್ರಾ ನಾಲೆಯ ಮೇಲ್ಭಾಗದವರಿಗೆ ನೀರಿನ ಚಿಂತೆ ಕಡಿಮೆ. ಅವರ ಗದ್ದೆ ತುಂಬಿ ಹರಿದ ಮೇಲೆ ತಾನೆ ಮುಂದಕ್ಕೆ ಬರುವುದು. ಕೊನೆ ಭಾಗದವರು ರಾತ್ರಿ ಬ್ಯಾಟರಿ ಹಿಡಿದು ತೂಬಿನ ಹತ್ತಿರ ಕಾಯುತ್ತೀರಿ. ನಾಲೆ ಒಂದೇ, ಸಮಿತಿ ಒಂದೇ, ಆದರೂ ಸಭೆಯಲ್ಲಿ ಮೇಲಿನವರ ಮಾತು ಬೇರೆ, ಕೆಳಗಿನವರ ಮಾತು ಬೇರೆ. ಅವರೇನೂ ಕೆಟ್ಟವರಲ್ಲ, ನಿಮ್ಮ ಒಣಗಿದ ಗದ್ದೆ ಅವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಈಗ ನೀರಿನ ಜಾಗದಲ್ಲಿ ಅಪಾಯ ಅಂತ ಇಟ್ಟುಕೊಂಡು ನೋಡಿ. ಫಿನ್ಲೆಂಡ್‌ಗೆ ರಷ್ಯಾ ಜೊತೆ 1,340 ಕಿಲೋಮೀಟರ್ ಗಡಿ ಇದೆ, ಅಲ್ಲಿಯ ಮಕ್ಕಳು ರಷ್ಯಾದ ಭಯದ ಕತೆ ಕೇಳಿಕೊಂಡೇ ಬೆಳೆಯುತ್ತಾರೆ. ಪೋರ್ಚುಗಲ್ ಅಟ್ಲಾಂಟಿಕ್ ದಡದಲ್ಲಿ ಕೂತಿದೆ, ಅಲ್ಲಿಂದ ಮಾಸ್ಕೋ ಬಹಳ ದೂರ. ಇಟಲಿ, ಗ್ರೀಸ್, ಮಾಲ್ಟಾ ನೋಡುವುದು ದಕ್ಷಿಣಕ್ಕೆ, ಸಮುದ್ರ ದಾಟಿ ಬರುವ ದೋಣಿಗಳ ಕಡೆಗೆ. ಸೈಪ್ರಸ್‌ಗೆ ಟರ್ಕಿಯದೇ ತಲೆನೋವು. 2003ರಲ್ಲಿ ಇರಾಕ್ ಯುದ್ಧಕ್ಕೆ ಸ್ಪೇನ್ ಮತ್ತು ಆಗಿನ್ನೂ ಒಕ್ಕೂಟದಲ್ಲಿದ್ದ ಬ್ರಿಟನ್ ಅಮೆರಿಕದ ಪಕ್ಕ ನಿಂತವು, ಫ್ರಾನ್ಸ್ ಮತ್ತು ಜರ್ಮನಿ ಎದುರು ನಿಂತವು. 2024ರಲ್ಲಿ ಸ್ಪೇನ್, ಐರ್ಲೆಂಡ್, ಸ್ಲೊವೇನಿಯಾ ಪ್ಯಾಲೆಸ್ಟೀನ್ ದೇಶಕ್ಕೆ ಮಾನ್ಯತೆ ಕೊಟ್ಟವು, ಜರ್ಮನಿ ಕೊಡಲಿಲ್ಲ. ಒಗ್ಗಟ್ಟಿಲ್ಲ ಅಂತ ನಾನು ಒಂದೇ ಮಾತಿನಲ್ಲಿ ಮುಗಿಸಿದ್ದು ತಪ್ಪಾಗಿದ್ದು ಇಲ್ಲೇ. ಒಂದೊಂದು ಮನೆಯ ಕಿಟಕಿಯಿಂದ ಒಂದೊಂದು ಅಪಾಯ ಕಾಣುತ್ತದೆ.

ಇನ್ನು ವೀಟೊ, ಅಂದರೆ ಒಬ್ಬರೇ ಬೇಡ ಅಂದು ಎಲ್ಲರನ್ನೂ ತಡೆಯುವ ಅಧಿಕಾರದ ವಿಷಯ. ವಿದೇಶಾಂಗ ಮತ್ತು ರಕ್ಷಣೆಯ ದೊಡ್ಡ ತೀರ್ಮಾನಕ್ಕೆಲ್ಲ 27ಕ್ಕೆ 27 ಒಪ್ಪಿಗೆ ಬೇಕು. ರಷ್ಯಾ ಮೇಲೆ ಹಾಕಿರುವ ಆರ್ಥಿಕ ನಿರ್ಬಂಧಗಳನ್ನೇ ತೆಗೆದುಕೊಳ್ಳಿ. ಅವನ್ನು ಆರಾರು ತಿಂಗಳಿಗೊಮ್ಮೆ ಎಲ್ಲರೂ ಒಪ್ಪಿ ಮುಂದುವರಿಸುತ್ತಾ ಬಂದರು. ಅಂದರೆ ಆರು ತಿಂಗಳಿಗೊಮ್ಮೆ ಯಾರಾದರೂ ಒಬ್ಬರಿಗೆ ಚೌಕಾಸಿಗೆ ಅವಕಾಶ. 2023ರ ಡಿಸೆಂಬರ್ 14ರಂದು ಬ್ರಸೆಲ್ಸ್‌ನಲ್ಲಿ ನಾಯಕರೆಲ್ಲ ಕೂತಿದ್ದರು. ಉಕ್ರೇನ್ ಅನ್ನು ಒಕ್ಕೂಟಕ್ಕೆ ಸೇರಿಸಿಕೊಳ್ಳುವ ಮಾತುಕತೆ ಶುರು ಮಾಡಬೇಕಾ ಅನ್ನುವುದು ಪ್ರಶ್ನೆ. ಹಂಗೇರಿಯ ಆಗಿನ ಪ್ರಧಾನಿ ವಿಕ್ಟರ್ ಓರ್ಬನ್ ಸುತರಾಂ ಒಪ್ಪುತ್ತಿರಲಿಲ್ಲ. ಆಗ ಜರ್ಮನಿಯ ಚಾನ್ಸಲರ್ ಓಲಾಫ್ ಶೋಲ್ಜ್ ಒಂದು ಉಪಾಯ ಹೇಳಿದರು, ಓರ್ಬನ್ ಎದ್ದು ಹೊರಗೆ ಹೋದರು, ಒಳಗೆ ಉಳಿದ 26 ಜನ ಒಪ್ಪಿಗೆ ಕೊಟ್ಟರು. ಒಂದು ಖಂಡದ ಭವಿಷ್ಯದ ತೀರ್ಮಾನ ಒಬ್ಬರು ಬಾಗಿಲಾಚೆ ನಿಂತಿದ್ದರಿಂದ ಆಯಿತು! ಅದೇ ರಾತ್ರಿ ಅವರು ಒಳಗೆ ಬಂದು ಉಕ್ರೇನ್‌ಗೆ ಕೊಡಬೇಕಿದ್ದ 5,000 ಕೋಟಿ ಯೂರೊ ನೆರವಿಗೆ ಅಡ್ಡ ನಿಂತರು. ಅದು ಪಾಸಾಗಲು ಫೆಬ್ರವರಿ 1 ಬರಬೇಕಾಯಿತು. ಹಂಗೇರಿಗೆ ತಡೆಹಿಡಿದಿದ್ದ ಹಣದಲ್ಲಿ ಸುಮಾರು 1,000 ಕೋಟಿ ಯೂರೊಗೆ ಡಿಸೆಂಬರ್ ಸಭೆಯ ಹಿಂದಿನ ದಿನವೇ ಆಯೋಗ ಹಸಿರು ನಿಶಾನೆ ತೋರಿಸಿತ್ತು ಅನ್ನುವುದನ್ನೂ ನೆನಪಿಡಿ.

ಹಾಗಾದರೆ ವೀಟೊ ತೆಗೆದುಹಾಕಬಹುದಲ್ಲ ಅಂತೀರಿ. ಬೇರೆ ಎಷ್ಟೋ ವಿಷಯಕ್ಕೆ ಅವರಲ್ಲಿ ಬಹುಮತದ ನಿಯಮ ಇದೆ. 15 ದೇಶ ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ 65% ಜನ ಇರಬೇಕು. ನಿರ್ಬಂಧಗಳಿಗಾದರೂ ಇದೇ ನಿಯಮ ತರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಆ ಬದಲಾವಣೆಗೂ ಎಲ್ಲರ ಒಪ್ಪಿಗೆ ಬೇಕು. ಮಾಲ್ಟಾದಂಥ ಸಣ್ಣ ದೇಶಗಳಿಗೆ ಇನ್ನೊಂದು ಭಯ ಇದೆ. ವೀಟೊ ಹೋದರೆ ಜರ್ಮನಿ, ಫ್ರಾನ್ಸ್ ಹೇಳಿದ್ದೇ ಶಾಸನ ಆಗುತ್ತದೆ ಅಂತ. ಕೊನೆ ಭಾಗದ ರೈತರಾದ ನಿಮಗೆ ಆ ಭಯ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನ ರಾಜಕೀಯ ಕಟ್ಟಿಕೊಂಡು ನಮಗೇನು? ಇಲ್ಲಿ ಶೇಂಗಾ ರೇಟಿನ ಬಗ್ಗೆ ಬರೀರಿ ಮೇಡಂ.
– ಎಣ್ಣೆ ವ್ಯಾಪಾರಿ, ಚಳ್ಳಕೆರೆ

ಚಳ್ಳಕೆರೆಯವರು, ಅದರಲ್ಲೂ ಎಣ್ಣೆ ವ್ಯಾಪಾರದವರು ಹೀಗೆ ಕೇಳಿದರೆ ನಾನು ಬಿಡುವುದಿಲ್ಲ. 2022ರ ಮಾರ್ಚ್ ನೆನಪು ಮಾಡಿಕೊಳ್ಳಿ. ನಮ್ಮ ಬಡಾವಣೆಯ ಕಿರಾಣಿ ಅಂಗಡಿಯಲ್ಲಿ "ಸನ್‌ಫ್ಲವರ್ ಎಣ್ಣೆ ಒಬ್ಬರಿಗೆ ಎರಡೇ ಪ್ಯಾಕೆಟ್" ಅಂತ ರಟ್ಟಿನ ಮೇಲೆ ಬರೆದು ನೇತು ಹಾಕಿದ್ದರು. ಮಂಡಕ್ಕಿ ಮಿರ್ಚಿ ಮಾಡುವ ಗಾಡಿಯವರು ಮಿರ್ಚಿ ಸಣ್ಣ ಮಾಡಿದರು, ಆಮೇಲೆ ರೇಟೂ ಏರಿಸಿದರು. ನಾವು ಹೊರಗಿನಿಂದ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ದೊಡ್ಡ ಪಾಲು ಉಕ್ರೇನ್‌ನದು. ಫೆಬ್ರವರಿ 24ಕ್ಕೆ ರಷ್ಯಾ ದಾಳಿ ಮಾಡಿತು, ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಆ ಸೂರ್ಯಕಾಂತಿ ಇಲ್ಲದೆ ಇದ್ದಾಗ ಜನ ಶೇಂಗಾ ಎಣ್ಣೆ, ತಾಳೆ ಎಣ್ಣೆ ಕಡೆ ತಿರುಗಿದರು. ನಿಮ್ಮ ಶೇಂಗಾ ರೇಟಿಗೂ ಒಡೆಸಾ ಬಂದರಿಗೂ ಸಂಬಂಧ ಇದೆ ಸ್ವಾಮಿ.

ಇದರಲ್ಲಿ ಇನ್ನೊಂದು ಕತೆ ಇದೆ, ನಮ್ಮ ಮೆಕ್ಕೆಜೋಳದ ರೈತರೂ ಕೇಳಬೇಕಾದ್ದು. ಬಂದರು ಮುಚ್ಚಿದಾಗ ಉಕ್ರೇನ್‌ನ ಗೋಧಿ, ಮೆಕ್ಕೆಜೋಳ, ಸೂರ್ಯಕಾಂತಿ ಕಣದಲ್ಲೇ ಉಳಿಯಿತು. 2022ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ತನ್ನ ನೆಲದ ಮೇಲೆ ದಾರಿ ಬಿಟ್ಟುಕೊಟ್ಟಿತು. ರೈಲು, ಲಾರಿ, ಡಾನ್ಯೂಬ್ ನದಿಯ ದೋಣಿ, ಯಾವುದರಲ್ಲಾದರೂ ತನ್ನಿ ಅಂದಿತು. ಸುಲಭ ಇರಲಿಲ್ಲ. ಉಕ್ರೇನ್ ರೈಲು ಹಳಿಯ ಅಗಲ 1,520 ಮಿಲಿಮೀಟರ್, ಪೋಲೆಂಡ್‌ನದು 1,435. ಗಡಿಯಲ್ಲಿ ಕಾಳನ್ನೆಲ್ಲ ಒಂದು ವ್ಯಾಗನ್‌ನಿಂದ ಇನ್ನೊಂದಕ್ಕೆ ಸುರಿಯಬೇಕು, ಇಲ್ಲ ಬೋಗಿಯ ಗಾಲಿಯನ್ನೇ ಬದಲಿಸಬೇಕು. ಮೀಟರ್ ಗೇಜ್ ಕಾಲದಲ್ಲಿ ಸರಕು ಬದಲಾಯಿಸುವ ಪಾಡು ನಮ್ಮ ಕಡೆಯ ಹಿರಿಯರಿಗೆ ಗೊತ್ತು. ಆದರೂ ಲಕ್ಷಾಂತರ ಟನ್ ಆ ದಾರಿಯಲ್ಲೇ ಹೊರಬಂತು. ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ.

ಆದರೆ ಆ ಕಾಳು ಪೂರ್ತಿ ಮುಂದಕ್ಕೆ ಹೋಗಲಿಲ್ಲ. ಪೋಲೆಂಡ್, ಹಂಗೇರಿ, ಸ್ಲೊವಾಕಿಯಾ, ರೊಮೇನಿಯಾ, ಬಲ್ಗೇರಿಯಾದ ಮಾರುಕಟ್ಟೆಯಲ್ಲೇ ಒಂದಿಷ್ಟು ನಿಂತಿತು. ಅಲ್ಲಿಯ ರೈತರ ಬೆಳೆಗೆ ಬೆಲೆ ಬಿತ್ತು. ಆವಕ ಜಾಸ್ತಿ ಆದ ದಿನ ದಾವಣಗೆರೆ ಎಪಿಎಂಸಿಯಲ್ಲಿ ಏನಾಗುತ್ತದೋ ಅದೇ ಆಯಿತು. 2023ರ ಏಪ್ರಿಲ್‌ನಲ್ಲಿ ಪೋಲೆಂಡ್, ಹಂಗೇರಿ ತಾವಾಗೇ ಆಮದು ನಿಲ್ಲಿಸಿದವು. ವ್ಯಾಪಾರದ ತೀರ್ಮಾನ ಬ್ರಸೆಲ್ಸ್‌ನದು, ದೇಶಗಳು ಹೀಗೆ ಮಾಡುವ ಹಾಗಿಲ್ಲ. ಆದರೂ ಮಾಡಿದವು, ಕೊನೆಗೆ ಬ್ರಸೆಲ್ಸೇ ಬಗ್ಗಿ ಸೆಪ್ಟೆಂಬರ್‌ವರೆಗೆ ನಿರ್ಬಂಧಕ್ಕೆ ಒಪ್ಪಿತು. 2024ರ ಫೆಬ್ರವರಿಯಲ್ಲಿ ಪೋಲೆಂಡ್ ಗಡಿಯಲ್ಲಿ ಪ್ರತಿಭಟನಾಕಾರರು ಉಕ್ರೇನ್‌ನ ಕಾಳನ್ನು ನೆಲಕ್ಕೆ ಸುರಿದರು. ಆ ಚಿತ್ರ ನೋಡಿ ನನಗೆ ಸಂಕಟ ಆಯಿತು. ಸುರಿದವರೂ ರೈತರೇ, ಬೆಳೆದವರೂ ರೈತರೇ. ಉಕ್ರೇನ್‌ನ ಲಕ್ಷಾಂತರ ನಿರಾಶ್ರಿತರನ್ನು ಮನೆಯೊಳಗೆ ಮಲಗಿಸಿಕೊಂಡ ದೇಶ ಪೋಲೆಂಡ್. ಯುದ್ಧದಲ್ಲಿ ಬೆಂಬಲ ಕೊಡುವುದು ಅಂದರೆ ಬರೀ ಗುಂಡು ಕೊಡುವುದಲ್ಲ, ಅದರ ಖರ್ಚು ಯಾರ ಹೊಲದ ಮೇಲೆ ಬೀಳುತ್ತದೆ ಅಂತಲೂ ಮೊದಲೇ ಲೆಕ್ಕ ಹಾಕಬೇಕು. ಒಕ್ಕೂಟ ಆ ಲೆಕ್ಕ ತಡವಾಗಿ ಹಾಕಿತು.

ಕೋಟೆ ನೋಡಲು ಬರುವ ಪ್ರವಾಸಿಗರಿಗೆ ದಿನಾ ಒಬ್ಬವ್ವನ ಕಿಂಡಿ ತೋರಿಸುವವನು ನಾನು. ಏಳು ಸುತ್ತಿನ ಕೋಟೆಗೂ ಒಂದು ಕಿಂಡಿ ಇತ್ತಲ್ಲ. ಯುರೋಪಿಗೆ ಸೈನ್ಯ ಇದೆಯಾ? ಕಿಂಡಿ ಎಲ್ಲಿದೆ?
– ಪ್ರವಾಸಿ ಮಾರ್ಗದರ್ಶಿ, ಚಿತ್ರದುರ್ಗ

ಒಕ್ಕೂಟದ್ದೇ ಅಂತ ಸೈನ್ಯ ಇಲ್ಲ. ಒಂದು ಸಲ ಕಟ್ಟಲು ಹೊರಟಿದ್ದರು, 1954ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಸಂಸತ್ತೇ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. 2007ರಲ್ಲಿ ಸುಮಾರು 1,500 ಸೈನಿಕರ ತುರ್ತು ಪಡೆಗಳನ್ನು ಸಿದ್ಧ ಮಾಡಿಟ್ಟರು, ಅವನ್ನು ಎಲ್ಲಿಗೂ ಕಳಿಸಲಿಲ್ಲ. ಕೋಟೆ ಕಾಯುವುದು ನ್ಯಾಟೊ, ಅಮೆರಿಕವೂ ಇರುವ ಸೇನಾ ಕೂಟ. 27ರಲ್ಲಿ 23 ದೇಶ ಅದರಲ್ಲಿವೆ. ಉಕ್ರೇನ್ ಯುದ್ಧ ನೋಡಿದ ಮೇಲೆ ಫಿನ್ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಸೇರಿದವು. ಈಗ ದುಡ್ಡು ಸುರಿಯುತ್ತಿದ್ದಾರೆ. 2025ರ ಮಾರ್ಚ್‌ನಲ್ಲಿ 80,000 ಕೋಟಿ ಯೂರೊವರೆಗಿನ ಯೋಜನೆ ಹೇಳಿದರು. ಅದರಲ್ಲಿ ಹೆಚ್ಚಿನದು ದೇಶಗಳು ತಾವೇ ಸಾಲ ಮಾಡಿಕೊಳ್ಳಲು ಕೊಟ್ಟ ರಿಯಾಯಿತಿ, ಒಕ್ಕೂಟ ತಾನೇ ಎತ್ತಿ ಕೊಡುವ ಸಾಲ 15,000 ಕೋಟಿ.

ಕಿಂಡಿ ಎಲ್ಲಿ ಅಂದಿರಿ. ಸಮುದ್ರದ ತಳದಲ್ಲಿ. ಬಾಲ್ಟಿಕ್ ಸಮುದ್ರದ ಕೆಳಗೆ ವಿದ್ಯುತ್ ಕೇಬಲ್, ಇಂಟರ್ನೆಟ್ ಕೇಬಲ್ ಹಾಸಿದ್ದಾರೆ. 2024ರ ಡಿಸೆಂಬರ್ 25, ಕ್ರಿಸ್ಮಸ್ ದಿನ, ಫಿನ್ಲೆಂಡ್ ಮತ್ತು ಎಸ್ಟೋನಿಯಾ ನಡುವಿನ ಎಸ್ಟ್‌ಲಿಂಕ್ 2 ವಿದ್ಯುತ್ ಕೇಬಲ್ ಸತ್ತುಹೋಯಿತು. ಈಗಲ್ ಎಸ್ ಅನ್ನುವ ತೈಲ ಹಡಗು ಆಗ ಅದರ ಮೇಲೇ ಸಾಗುತ್ತಿತ್ತು. ರಷ್ಯಾದ ತೈಲ ಕದ್ದುಮುಚ್ಚಿ ಸಾಗಿಸುವ ಹಡಗುಗಳಲ್ಲಿ ಇದೂ ಒಂದು ಅನ್ನುವುದು ಅಧಿಕಾರಿಗಳ ಮಾತು. ಫಿನ್ಲೆಂಡ್ ಪಡೆಗಳು ಹೆಲಿಕಾಪ್ಟರ್‌ನಲ್ಲಿ ಹೋಗಿ ಹಡಗು ಹತ್ತಿದವು. ಲಂಗರು ಎಳೆದ ಗುರುತು ಸಮುದ್ರದ ತಳದಲ್ಲಿ ಎಷ್ಟೋ ಕಿಲೋಮೀಟರ್ ಉದ್ದಕ್ಕೂ, ನೇಗಿಲು ಹೊಡೆದ ಸಾಲಿನ ಹಾಗೆ ಇತ್ತು. ಆಮೇಲೇನಾಯಿತು? 2025ರ ಅಕ್ಟೋಬರ್‌ನಲ್ಲಿ ಹೆಲ್ಸಿಂಕಿಯ ಕೋರ್ಟು ಇದು ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ ಕೇಸು ಕೈಬಿಟ್ಟಿತು. ಘಟನೆ ಆಗಿದ್ದು ಫಿನ್ಲೆಂಡ್‌ನ ಜಲಗಡಿಯ ಆಚೆ.

ಒಬ್ಬವ್ವನಿಗೆ ಒಂದು ಅನುಕೂಲ ಇತ್ತು. ಕಿಂಡಿಯಲ್ಲಿ ತಲೆ ತೂರಿಸಿದವನು ಹೈದರನ ಕಡೆಯವನು ಅನ್ನುವುದರಲ್ಲಿ ಅನುಮಾನ ಇರಲಿಲ್ಲ, ಒನಕೆ ಎತ್ತಿದಳು. ಇಲ್ಲಿ ಕಿಂಡಿಯಲ್ಲಿ ಬಂದವನು ಶತ್ರುವೋ, ಲಂಗರು ಸಡಿಲ ಬಿಟ್ಟ ಬೇಜವಾಬ್ದಾರಿ ಹಡಗಿನವನೋ ಅಂತ ಸಾಬೀತು ಮಾಡುವಷ್ಟರಲ್ಲಿ ವರ್ಷ ಕಳೆಯುತ್ತದೆ. 2007ರಲ್ಲಿ ಎಸ್ಟೋನಿಯಾದ ಬ್ಯಾಂಕು, ಪತ್ರಿಕೆ, ಸರ್ಕಾರದ ವೆಬ್‌ಸೈಟುಗಳನ್ನೆಲ್ಲ ಕೆಡವಿದಾಗಲೂ ಇದೇ ಕಷ್ಟ ಇತ್ತು. ಟ್ಯಾಂಕು, ಫಿರಂಗಿಗೆ ಎಷ್ಟು ದುಡ್ಡು ಸುರಿದರೂ ಈ ಕಿಂಡಿ ಮುಚ್ಚುವುದಿಲ್ಲ.

ನಮ್ಮ ತಾಲ್ಲೂಕಿನಿಂದ ಮಳೆ ಇಲ್ಲದ ವರ್ಷ ಗುಳೆ ಹೋಗ್ತಾರೆ. ದೋಣಿಯಲ್ಲಿ ಯುರೋಪಿಗೆ ಹೋಗೋರೂ ಹಾಗೇನಾ? ಅವರನ್ನ ಯಾಕೆ ಅಪಾಯ ಅಂತಾರೆ?
– ಅಂಗನವಾಡಿ ಕಾರ್ಯಕರ್ತೆ, ಜಗಳೂರು ತಾಲ್ಲೂಕು

ತಂಗೀ, ನಿನ್ನ ಈ ಪ್ರಶ್ನೆ ಬ್ರಸೆಲ್ಸ್‌ನ ಸಭೆಯಲ್ಲೂ ಯಾರಾದರೂ ಕೇಳಬೇಕಿತ್ತು. ಬೀಗ ಹಾಕಿದ ಮನೆ, ಮುದುಕರು ಮಾತ್ರ ಉಳಿದ ಹಟ್ಟಿ, ಮಕ್ಕಳಿಲ್ಲದ ಅಂಗನವಾಡಿ ನೀನು ಕಣ್ಣಾರೆ ನೋಡಿದ್ದೀಯ. ಹೊಟ್ಟೆಪಾಡಿಗೆ ಹೋಗುವವರು ಇದ್ದಾರೆ, ಬಾಂಬಿಗೆ ಹೆದರಿ ಓಡುವವರೂ ಇದ್ದಾರೆ. 2015ರಲ್ಲಿ ಸಮುದ್ರದ ಮೇಲೆ 10 ಲಕ್ಷಕ್ಕೂ ಹೆಚ್ಚು ಜನ ಬಂದರು, ಸಿರಿಯಾದವರೇ ಹೆಚ್ಚು. ಅದೇ ಸೆಪ್ಟೆಂಬರ್‌ನಲ್ಲಿ ಟರ್ಕಿಯ ದಡದಲ್ಲಿ ಒಂದು ಪುಟ್ಟ ಮಗು ಕೆಂಪು ಅಂಗಿ ಹಾಕಿಕೊಂಡು ಮಕಾಡೆ ಬಿದ್ದಿತ್ತು. ಆ ಫೋಟೊ ನೀನೂ ನೋಡಿರಬಹುದು.

ನಿಯಮದ ಪ್ರಕಾರ ಮೊದಲು ಕಾಲಿಟ್ಟ ದೇಶವೇ ಸಾಮಾನ್ಯವಾಗಿ ಅವರ ಅರ್ಜಿ ನೋಡಬೇಕು. ಅಂದರೆ ಗ್ರೀಸ್, ಇಟಲಿ ಮೇಲೇ ಭಾರ. ಉಳಿದವರು ಹಂಚಿಕೊಳ್ಳಿ ಅಂದರೆ ಹಂಗೇರಿ, ಪೋಲೆಂಡ್ ಒಪ್ಪಲಿಲ್ಲ. 2016ರಲ್ಲಿ ಟರ್ಕಿ ಜೊತೆ ಒಪ್ಪಂದ ಆಯಿತು. ನೀವು ತಡೆಯಿರಿ, ನಿರಾಶ್ರಿತರ ಖರ್ಚಿಗೆ 600 ಕೋಟಿ ಯೂರೊ ಕೊಡುತ್ತೇವೆ ಅಂತ. ಅಲ್ಲಿಂದ ಆ ಜನ ರಾಜಕೀಯದ ದಾಳವಾದರು. 2021ರಲ್ಲಿ ಬೆಲಾರೂಸ್ ಸರ್ಕಾರ ಇರಾಕ್ ಮತ್ತಿತರ ಕಡೆಯಿಂದ ಜನರನ್ನು ಕರೆಸಿ ಚಳಿಯಲ್ಲಿ ಪೋಲೆಂಡ್ ಗಡಿಗೆ ನೂಕಿತು. ಆಚೆ ಕಡೆ ಮುಳ್ಳುತಂತಿ, ಈಚೆ ಕಡೆ ಬಂದೂಕು, ಮಧ್ಯ ಕಾಡಿನಲ್ಲಿ ಮಕ್ಕಳು.

ಮನಸ್ಸು ಮಾಡಿದರೆ ಒಕ್ಕೂಟಕ್ಕೆ ಸಾಧ್ಯ ಇದೆ ಅನ್ನುವುದಕ್ಕೂ ಸಾಕ್ಷಿ ಇದೆ. 2022ರ ಮಾರ್ಚ್‌ನಲ್ಲಿ, ದಾಳಿ ಶುರುವಾದ ಎಂಟೊಂಬತ್ತು ದಿನದಲ್ಲೇ, ಉಕ್ರೇನ್‌ನವರಿಗೆ ಇರಲು, ದುಡಿಯಲು, ಮಕ್ಕಳನ್ನು ಶಾಲೆಗೆ ಸೇರಿಸಲು ಅನುಮತಿ ಕೊಟ್ಟರು. 40 ಲಕ್ಷಕ್ಕೂ ಹೆಚ್ಚು ಜನ ಅದರ ನೆರಳಲ್ಲಿ ಬದುಕಿದರು. ಆ ಕಾನೂನು 2001ರಿಂದಲೂ ಪುಸ್ತಕದಲ್ಲಿತ್ತು. ಸಿರಿಯಾದವರು ಬಂದಾಗ ಅದನ್ನು ತೆಗೆಯಲಿಲ್ಲ. ಇದು ನ್ಯಾಯ ಅಲ್ಲ ಅಂತ ನನಗೆ ಅನ್ನಿಸುತ್ತದೆ, ನಿನಗೂ ಅನ್ನಿಸಿರುತ್ತದೆ.

ಮಗಳು ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಟಿವಿಯಲ್ಲಿ ಡ್ರೋನು, ಯುದ್ಧ ಅಂತ ತೋರಿಸ್ತಾರೆ. ಕಳಿಸಲಾ ಬೇಡ್ವಾ ಮೇಡಂ? ರಾತ್ರಿ ನಿದ್ದೆ ಬರ್ತಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಅಕ್ಕಾ, ಆ ನಿದ್ದೆ ಬಾರದ ರಾತ್ರಿ ನನಗೂ ಗೊತ್ತು. 2022ರ ಫೆಬ್ರವರಿ ಕೊನೆಗೆ ನಮ್ಮ ಬೀದಿಯ ಹುಡುಗಿ ಉಕ್ರೇನ್‌ನ ವಿನ್ನಿಟ್ಸಿಯಾದಲ್ಲಿ ಎಂಬಿಬಿಎಸ್ ಓದುತ್ತಿದ್ದಳು. ಅವಳ ಅಮ್ಮ ನಮ್ಮ ಮನೆಗೆ ಬಂದು ಫೋನ್ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಸ್ಸು ಗಡಿಗೆ ಎಷ್ಟೋ ದೂರದಲ್ಲೇ ಇಳಿಸಿತ್ತು, ಮುಂದೆ ವಾಹನಗಳ ಸಾಲು. ಹಿಮದಲ್ಲಿ ನಡೆದು ಸಿರೆತ್ ಹತ್ತಿರ ರೊಮೇನಿಯಾ ಗಡಿ ದಾಟಿದಳು. ದಾಟಿದ ತಕ್ಷಣ ಯಾರೋ ಗುರುತಿಲ್ಲದ ಹೆಂಗಸು ಕಂಬಳಿ ಹೊದಿಸಿ ಟೀ ಕೊಟ್ಟರಂತೆ. ಲೋಟ ಹಿಡಿಯಲು ಬೆರಳು ಬಾಗುತ್ತಿರಲಿಲ್ಲ ಅಂತ ಆಮೇಲೆ ಹೇಳಿದಳು. "ಅಮ್ಮಾ, ದಾಟಿದೆ" ಅಂತ ಎರಡೇ ಪದ ಮೆಸೇಜು ಬಂತು. ಅಂಥದೇ ಮೆಸೇಜಿಗೆ ಕಾದ ನಮ್ಮ ಪಕ್ಕದ ಜಿಲ್ಲೆಯ ಒಂದು ಮನೆಗೆ ಮಾತ್ರ ಬೇರೆ ಸುದ್ದಿ ಬಂತು. ಅದನ್ನು ನಾವ್ಯಾರೂ ಮರೆತಿಲ್ಲ.

ಅವತ್ತು ಭಾರತದ ವಿಮಾನಗಳು ನಮ್ಮ ಮಕ್ಕಳನ್ನು ಹತ್ತಿಸಿಕೊಂಡಿದ್ದು ಹೆಚ್ಚಾಗಿ ರೊಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಾದಿಂದ. ನಾಲ್ಕೂ ಒಕ್ಕೂಟದ ದೇಶಗಳು. ಈ ಗೆರೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಉಕ್ರೇನ್ ಗೆರೆಯ ಆಚೆ, ಜರ್ಮನಿ ಗೆರೆಯ ಈಚೆ. ಜರ್ಮನಿ ನ್ಯಾಟೊದಲ್ಲಿದೆ, ಅಲ್ಲಿ ಒಬ್ಬರ ಮೇಲೆ ದಾಳಿ ಆದರೆ ಎಲ್ಲರ ಮೇಲೂ ಆದ ಹಾಗೆ. ಒಕ್ಕೂಟದ ಒಪ್ಪಂದದಲ್ಲೂ ಅಂಥದೇ ಮಾತಿದೆ, 2015ರ ಪ್ಯಾರಿಸ್ ದಾಳಿ ಆದಾಗ ಫ್ರಾನ್ಸ್ ಅದನ್ನು ಬಳಸಿತು. ಟಿವಿಯಲ್ಲಿ ನೀವು ನೋಡಿದ್ದು 2025ರ ಸೆಪ್ಟೆಂಬರ್‌ನಲ್ಲಿ ಸುಮಾರು 20 ಡ್ರೋನ್ ಪೋಲೆಂಡ್ ಒಳಗೆ ಬಂದ ಸುದ್ದಿ ಇರಬೇಕು. ನ್ಯಾಟೊ ವಿಮಾನಗಳು ಕೆಲವನ್ನು ಹೊಡೆದುರುಳಿಸಿದವು. ಚಿಂತೆ ಪಡುವ ವಿಷಯವೇ, ಆದರೆ ಜರ್ಮನಿಯ ಆಸ್ಪತ್ರೆಯಲ್ಲಿ ಕೆಲಸ ಮಾಡಲು ಹೆದರಬೇಕಾದ ಕಾಲ ಬಂದಿದೆ ಅಂತ ನನಗೆ ಅನ್ನಿಸುವುದಿಲ್ಲ.

ನನಗೆ ಯುದ್ಧಕ್ಕಿಂತ ಜಾಸ್ತಿ ಭಯ ಏಜೆಂಟರದ್ದು. ಕಲಬುರಗಿ ಜಿಲ್ಲೆಯ ಹುಡುಗರು ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಯಲ್ಲಿ ಸಿಕ್ಕಿಕೊಂಡಿದ್ದನ್ನು 2024ರಲ್ಲಿ ಓದಿದ್ದೀರಲ್ಲ. ಮಗಳು ಭಾಷೆ ಚೆನ್ನಾಗಿ ಕಲಿಯಲಿ, ಕೆಲಸದ ಕರಾರು ಪತ್ರ ಕೈಗೆ ಬರಲಿ, ಏಜೆಂಟರ ನೋಂದಣಿ ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಇದೆಯಾ ನೋಡಿ, ಅಸಲಿ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ಹೋದ ಮೇಲೆ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಲಿ. ಕಳಿಸಿ ಅಕ್ಕಾ.

ಅಮೆರಿಕ ಕೈ ಬಿಟ್ಟರೆ ಯುರೋಪಿನ ಗತಿ ಏನು?
– ನಿವೃತ್ತ ಸೈನಿಕ, ಹೊಳಲ್ಕೆರೆ

ಕಷ್ಟ ಆಗುತ್ತದೆ. ದೂರ ಹೊಡೆಯುವ ಕ್ಷಿಪಣಿ, ಉಪಗ್ರಹದ ಕಣ್ಣು, ಸೈನ್ಯ ಸಾಗಿಸುವ ವಿಮಾನ, ಇದಕ್ಕೆಲ್ಲ ಅವರು ಅಮೆರಿಕವನ್ನೇ ನಂಬಿದ್ದಾರೆ. ಅದಕ್ಕೇ ಟ್ರಂಪ್ ಒತ್ತಾಯದ ಮೇಲೆ 2025ರ ಜೂನ್‌ನಲ್ಲಿ ಹೇಗ್ ಊರಲ್ಲಿ ನ್ಯಾಟೊ ದೇಶಗಳು 2035ರೊಳಗೆ ಜಿಡಿಪಿಯ 5% ರಕ್ಷಣೆಗೆ ಅಂತ ಒಪ್ಪಿದವು. ಮರು ತಿಂಗಳೇ ಐರೋಪ್ಯ ಒಕ್ಕೂಟದವರು ತಮ್ಮ ಸರಕಿನ ಮೇಲೆ ಅಮೆರಿಕ ಹಾಕುವ 15% ಸುಂಕಕ್ಕೂ ತಲೆಬಾಗಿದರು. ಅಷ್ಟು ದೊಡ್ಡ ಅಂಗಡಿ ಇಟ್ಟುಕೊಂಡೂ ಕಾವಲುಗಾರನ ಜೊತೆ ಚೌಕಾಸಿ ಮಾಡಲು ಆಗಲಿಲ್ಲ. ಡೆನ್ಮಾರ್ಕ್‌ನ ಗ್ರೀನ್‌ಲ್ಯಾಂಡ್ ತನಗೆ ಬೇಕು ಅಂತ ಅದೇ ಕಾವಲುಗಾರ ಹೇಳಿದ ಮೇಲಂತೂ ಅವರ ಕಣ್ಣು ತೆರೆದಿದೆ. ಸೈನ್ಯದಲ್ಲಿದ್ದವರು ನೀವು, ಶಸ್ತ್ರ ಕೊಳ್ಳುವುದು ಬೇರೆ, ಅದನ್ನು ಹಿಡಿದು ಒಟ್ಟಿಗೆ ನಿಲ್ಲಲು ಕಲಿಯುವುದಕ್ಕೆ ಎಷ್ಟು ವರ್ಷ ಬೇಕು ಅಂತ ನಿಮಗೇ ಚೆನ್ನಾಗಿ ಗೊತ್ತು.

ನಾವು ಮಿಡಿಸೌತೆ ಬೆಳೆದು ಕಂಪನಿಗೆ ಕೊಡ್ತೀವಿ, ಅದು ಯುರೋಪಿಗೆ ಹೋಗುತ್ತೆ. ಹಡಗು ಸುತ್ತು ಹಾಕ್ಕೊಂಡು ಹೋಗ್ತಿದೆ ಅಂತ ಹೇಳಿ ಒಂದು ಹಂಗಾಮಿನಲ್ಲಿ ದುಡ್ಡು ತಡ ಮಾಡಿದರು. ಇದು ನಿಜಾನಾ?
– ರೈತ ದಂಪತಿ, ಚನ್ನಗಿರಿ ತಾಲ್ಲೂಕು

ಹಡಗಿನ ಮಾತು ನಿಜ. 2023ರ ನವೆಂಬರ್‌ನಿಂದ ಯೆಮನ್‌ನ ಹೂಥಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದರು. ಹಡಗುಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾದ ತುದಿ ಸುತ್ತಿ ಹೋಗತೊಡಗಿದವು. ಹತ್ತು ಹದಿನೈದು ದಿನ ಜಾಸ್ತಿ, ಬಾಡಿಗೆಯೂ ಜಾಸ್ತಿ. ಒಕ್ಕೂಟ 2024ರ ಫೆಬ್ರವರಿಯಲ್ಲಿ ಅಸ್ಪಿಡೆಸ್ ಅನ್ನುವ ನೌಕಾ ಕಾರ್ಯಾಚರಣೆ ಶುರು ಮಾಡಿತು. ತಾವಾಗಿ ಯಾರ ಮೇಲೂ ದಾಳಿ ಮಾಡುವುದಿಲ್ಲ, ಸರಕಿನ ಹಡಗುಗಳ ಜೊತೆ ಹೋಗಿ ಕಾಪಾಡುತ್ತೇವೆ ಅಂತ. ಅಷ್ಟು ದೊಡ್ಡ ಸಮುದ್ರಕ್ಕೆ ಕೆಲವೇ ಯುದ್ಧನೌಕೆ. ಸ್ಪೇನ್ ಅದಕ್ಕೂ ಕೈಜೋಡಿಸಲಿಲ್ಲ. ಸೊಮಾಲಿಯಾ ಕಡಲ್ಗಳ್ಳರ ವಿರುದ್ಧ 2008ರಿಂದ ಇದೇ ಒಕ್ಕೂಟ ಚೆನ್ನಾಗಿ ಕೆಲಸ ಮಾಡಿದೆ, ನಮ್ಮ ನೌಕಾಪಡೆಯೂ ಅದರ ಜೊತೆ ಅಭ್ಯಾಸ ನಡೆಸಿದೆ. ಕಳ್ಳ ಯಾರು ಅನ್ನುವುದರಲ್ಲಿ ಅಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇರಲಿಲ್ಲ.

ಆದರೆ ಬೆಳೆ ಕೊಟ್ಟ ರೈತನ ದುಡ್ಡು ಹಡಗು ಮುಟ್ಟುವವರೆಗೆ ಯಾಕೆ ಕಾಯಬೇಕು? ನಿಮ್ಮ ಕರಾರಿನಲ್ಲಿ ಎಷ್ಟು ದಿನಕ್ಕೆ ಪಾವತಿ ಅಂತ ಬರೆದಿದೆ, ತೆಗೆದು ನೋಡಿ. ಕನ್ನಡದಲ್ಲಿ ಇಲ್ಲದಿದ್ದರೆ ಓದಿ ಹೇಳುವವರ ಹತ್ತಿರ ಹೋಗಿ. ಅದರ ಪ್ರತಿ ಕಳಿಸಿದರೆ ನಾನೂ ಓದಿ ಹೇಳುತ್ತೇನೆ.

ಭಾರತ ಮತ್ತು ಒಕ್ಕೂಟದ ವ್ಯಾಪಾರ ಒಪ್ಪಂದದ ಬಗ್ಗೆ ನಾಲ್ಕು ಪತ್ರ, ಗಾಜಾ ಬಗ್ಗೆ ಮೂರು ಪತ್ರ ಇನ್ನೂ ನನ್ನ ಮೇಜಿನ ಮೇಲಿವೆ. ಅವು ಮುಂದಿನ ಸಂಚಿಕೆಗೆ.